‘ದೇಹವನ್ನು ಆಲ್ಕಲೈನ್ ಮಾಡಿ’ ಎಂಬ ಫಾರ್ವರ್ಡ್‌ಗೆ ಕಾಲೇಜು ಲ್ಯಾಬ್‌ನ ಬಫರ್ ದ್ರಾವಣ ಕೊಡುವ ಉತ್ತರ

ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತು ಹೊಡೆದು ಬರುವ ಒಂದು ಮೆಸೇಜ್ ಇದೆ. ಪದಗಳು ಬದಲಾದರೂ ಸಾರ ಒಂದೇ: ನಮ್ಮ ದೇಹ ಆಮ್ಲೀಯವಾಗುವುದೇ ಎಲ್ಲ ಕಾಯಿಲೆಗೆ ಮೂಲ, ಪಿಎಚ್ ಹೆಚ್ಚಿಸುವ ನೀರು ಕುಡಿದು ದೇಹವನ್ನು ಆಲ್ಕಲೈನ್ ಮಾಡಿಕೊಂಡರೆ ಕ್ಯಾನ್ಸರ್ ಕೂಡ ಹತ್ತಿರ ಸುಳಿಯುವುದಿಲ್ಲ. ಕೊನೆಯಲ್ಲಿ ‘ಆದಷ್ಟು ಜನರಿಗೆ ತಲುಪಿಸಿ’ ಎಂಬ ಕೋರಿಕೆ.

ಇದು ನಿಜವೇ? ಇದಕ್ಕೆ ಉತ್ತರ ಹುಡುಕಲು ದೊಡ್ಡ ಆಸ್ಪತ್ರೆಗೇ ಹೋಗಬೇಕಿಲ್ಲ. ಬಿ.ಎಸ್ಸಿ. ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಮಾಡುವ ಒಂದು ಸರಳ ಪ್ರಯೋಗ ಸಾಕು. ಅದೇ ಬಫರ್ ದ್ರಾವಣ ತಯಾರಿಕೆ. ಅದನ್ನು ಹೇಗೆ ಮಾಡುತ್ತಾರೆ, ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮ ರಕ್ತಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ಮೆಸೇಜ್‌ನಲ್ಲಿರುವ ಅಂಕಿಗಳನ್ನೇ ನೋಡೋಣ

2020ರಲ್ಲಿ ಕೊರೊನಾ ಹರಡುತ್ತಿದ್ದಾಗ ಇದೇ ಜಾತಿಯ ಒಂದು ಫಾರ್ವರ್ಡ್ ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ಹರಿದಾಡಿತು. ಕೊರೊನಾ ವೈರಸ್ಸಿನ ಪಿಎಚ್ 5.5ರಿಂದ 8.5, ಅದಕ್ಕಿಂತ ಹೆಚ್ಚು ಪಿಎಚ್ ಇರುವ ಆಹಾರ ತಿಂದರೆ ವೈರಸ್ ಸಾಯುತ್ತದೆ ಎಂದು ಅದು ಹೇಳುತ್ತಿತ್ತು. ಪಟ್ಟಿಯಲ್ಲಿ ನಿಂಬೆಹಣ್ಣು 9.9, ಬೆಳ್ಳುಳ್ಳಿ 13.2, ಬೆಣ್ಣೆಹಣ್ಣು 15.6 ಎಂದು ಬರೆದಿತ್ತು.

ನೀರಿನಲ್ಲಿ ಮಾಡಿದ ದ್ರಾವಣಗಳ ಪಿಎಚ್ ಸಾಮಾನ್ಯವಾಗಿ 0ಯಿಂದ 14ರ ಒಳಗೆ ಇರುತ್ತದೆ. ತುಂಬಾ ಗಾಢವಾದ ಆಮ್ಲ, ಕ್ಷಾರಗಳಲ್ಲಿ ಮಾತ್ರ ಸ್ವಲ್ಪ ಆಚೀಚೆ ಹೋಗಬಹುದು. 13.2 ಅಂದರೆ ಕೊಳವೆ ಶುಚಿ ಮಾಡುವ ಕಾಸ್ಟಿಕ್ ಸೋಡಾ ದ್ರಾವಣದ ಮಟ್ಟ. ಬೆಳ್ಳುಳ್ಳಿ ಹಾಗಿದ್ದಿದ್ದರೆ ಒಗ್ಗರಣೆಗೆ ಹಾಕುವುದಿರಲಿ, ಸುಲಿಯಲೂ ಆಗುತ್ತಿರಲಿಲ್ಲ, ಬೆರಳು ಸುಟ್ಟುಹೋಗುತ್ತಿತ್ತು. ನಿಂಬೆರಸದ ನಿಜವಾದ ಪಿಎಚ್ 2ರಿಂದ 2.6ರ ಆಸುಪಾಸು, ಅಂದರೆ ಚೆನ್ನಾಗಿಯೇ ಹುಳಿ. ಇನ್ನು, ಪಿಎಚ್ ಎಂಬುದು ದ್ರಾವಣದ ಗುಣ. ವೈರಸ್ಸಿಗೆ ತನ್ನದೇ ಆದ ಪಿಎಚ್ ಎಂಬುದೇ ಇಲ್ಲ.

ಪಟ್ಟಿ ತಪ್ಪು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ‘ಅಂಕಿ ತಪ್ಪಿರಬಹುದು, ಆಲ್ಕಲೈನ್ ಮಾಡುವುದು ಒಳ್ಳೆಯದೇ ಅಲ್ಲವೇ?’ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕಾಗಿಯೇ ಲ್ಯಾಬ್‌ಗೆ ಹೋಗಬೇಕು.

ಪಿಎಚ್ ಎಂದರೆ ಏನು?

ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೊರೆನ್ ಸೊರೆನ್ಸೆನ್ ಎಂಬ ವಿಜ್ಞಾನಿ 1909ರಲ್ಲಿ ಈ ಅಳತೆಯನ್ನು ಕೊಟ್ಟರು. ದ್ರಾವಣದಲ್ಲಿ ಸ್ವತಂತ್ರವಾಗಿ ಓಡಾಡುವ ಹೈಡ್ರೋಜನ್ ಅಯಾನುಗಳು ಎಷ್ಟಿವೆ ಎಂಬುದನ್ನು ಪಿಎಚ್ ಹೇಳುತ್ತದೆ. ಅವು ಹೆಚ್ಚಿದ್ದಷ್ಟೂ ಪಿಎಚ್ ಕಡಿಮೆ, ದ್ರಾವಣ ಆಮ್ಲೀಯ. ಪಿಎಚ್ 7 ಇದ್ದರೆ ತಟಸ್ಥ, ಅದಕ್ಕಿಂತ ಮೇಲೆ ಕ್ಷಾರೀಯ. ಫಾರ್ವರ್ಡ್‌ಗಳ ‘ಆಲ್ಕಲೈನ್’ ಅಂದರೆ ಇದೇ ಕ್ಷಾರೀಯ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಪಿಎಚ್ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನುಗಳು 10 ಪಟ್ಟು ಹೆಚ್ಚಾದವು ಎಂದರ್ಥ. 7ರಿಂದ 3ಕ್ಕೆ ಇಳಿದರೆ ನಾಲ್ಕು ಪಟ್ಟಲ್ಲ, 10,000 ಪಟ್ಟು.

ಬಫರ್ ಎಂದರೆ ಏನು? ಊಟದ ಪಂಕ್ತಿಯ ಲೆಕ್ಕ

ಸ್ವಲ್ಪ ಆಮ್ಲವನ್ನೋ ಪ್ರತ್ಯಾಮ್ಲವನ್ನೋ ಹಾಕಿದರೂ ಪಿಎಚ್ ಹೆಚ್ಚು ಕದಲದಂತೆ ತಡೆಯುವ ದ್ರಾವಣವೇ ಬಫರ್. ಅದರಲ್ಲಿ ಎರಡು ವಸ್ತುಗಳು ಜೊತೆಯಾಗಿ ಇರಬೇಕು: ಒಂದು ದುರ್ಬಲ ಆಮ್ಲ ಮತ್ತು ಅದೇ ಆಮ್ಲದ ಲವಣ. (ದುರ್ಬಲ ಪ್ರತ್ಯಾಮ್ಲ ಮತ್ತು ಅದರ ಲವಣದಿಂದಲೂ ಮಾಡಬಹುದು.) ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಬಳಸುತ್ತಾರೆ. ಅಸಿಟಿಕ್ ಆಮ್ಲ ಎಂದರೆ ಅಂಗಡಿಯ ವಿನೆಗರ್‌ನಲ್ಲಿರುವ ಹುಳಿ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮದುವೆ ಊಟದ ಹಾಲ್ ಊಹಿಸಿಕೊಳ್ಳಿ. ಹೈಡ್ರೋಜನ್ ಅಯಾನುಗಳು ಬಂದ ಅತಿಥಿಗಳು. ಅಸಿಟೇಟ್ ಎಂದರೆ ಪಂಕ್ತಿಯಲ್ಲಿ ಖಾಲಿ ಇರುವ ಎಲೆ. ಅಸಿಟಿಕ್ ಆಮ್ಲ ಎಂದರೆ ಅತಿಥಿ ಕುಳಿತಿರುವ ಎಲೆ. ಪಿಎಚ್ ಮೀಟರ್ ಲೆಕ್ಕ ಹಾಕುವುದು ಹಾಲ್‌ನಲ್ಲಿ ನಿಂತುಕೊಂಡು ಓಡಾಡುತ್ತಿರುವವರನ್ನು ಮಾತ್ರ, ಕುಳಿತವರನ್ನಲ್ಲ.

ಅರ್ಧ ಎಲೆಗಳು ಖಾಲಿ, ಅರ್ಧ ತುಂಬಿವೆ ಎಂದುಕೊಳ್ಳಿ. ಈಗ ಒಂದು ವ್ಯಾನ್ ತುಂಬ ಹೊಸ ಅತಿಥಿಗಳು ಬಂದರೆ, ಅಂದರೆ ಆಮ್ಲ ಹಾಕಿದರೆ, ಅವರು ಖಾಲಿ ಎಲೆಗಳಲ್ಲಿ ಕುಳಿತುಬಿಡುತ್ತಾರೆ. ನಿಂತವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪ್ರತ್ಯಾಮ್ಲ ಬಂದು ನಿಂತವರನ್ನು ಕರೆದುಕೊಂಡು ಹೋದರೆ, ಕುಳಿತವರಲ್ಲಿ ಕೆಲವರು ಎದ್ದು ಬಂದು ಆ ಜಾಗ ತುಂಬುತ್ತಾರೆ. ಆಗಲೂ ನಿಂತವರ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ.

ಖಾಲಿ ಎಲೆಯೂ ಬೇಕು, ಕುಳಿತವರೂ ಬೇಕು. ಒಂದೇ ಇದ್ದರೆ ಒಂದು ಕಡೆಯ ಏಟನ್ನು ಮಾತ್ರ ತಡೆಯಬಹುದು. ಬಫರ್‌ಗೆ ಎರಡು ವಸ್ತು ಬೇಕಾಗುವುದು ಇದಕ್ಕೇ.

ಲ್ಯಾಬ್‌ನಲ್ಲಿ ಬಫರ್ ತಯಾರಿಸುವುದು ಹೇಗೆ?

ಮೊದಲ ಹೆಜ್ಜೆ ಸರಿಯಾದ ಆಮ್ಲದ ಆಯ್ಕೆ. ಪ್ರತಿ ದುರ್ಬಲ ಆಮ್ಲಕ್ಕೂ ಪಿಕೆಎ ಎಂಬ ಒಂದು ಅಂಕಿ ಇರುತ್ತದೆ. ಯಾವ ಪಿಎಚ್‌ನಲ್ಲಿ ಅರ್ಧ ಎಲೆ ಖಾಲಿ, ಅರ್ಧ ಭರ್ತಿ ಇರುತ್ತದೋ ಅದೇ ಪಿಕೆಎ. ಅಸಿಟಿಕ್ ಆಮ್ಲಕ್ಕೆ ಇದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 4.76. ನಮಗೆ ಬೇಕಾದ ಪಿಎಚ್ ಈ ಅಂಕಿಗಿಂತ ಒಂದರಷ್ಟು ಮೇಲೆ ಅಥವಾ ಕೆಳಗಿನ ಮಿತಿಯಲ್ಲಿರಬೇಕು ಎಂಬುದು ಲ್ಯಾಬ್‌ನ ನಿಯಮ. ಆದ್ದರಿಂದ ಅಸಿಟೇಟ್ ಬಫರ್ ಸುಮಾರು 3.8ರಿಂದ 5.8ರವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. 7ರ ಆಸುಪಾಸಿಗೆ ಫಾಸ್ಫೇಟ್ ಬಫರ್ ಬೇಕು.

ಎರಡನೆಯದು ಲೆಕ್ಕ. ಅದಕ್ಕೆ ಒಂದು ಸಮೀಕರಣ ಇದೆ:

ಪಿಎಚ್ = ಪಿಕೆಎ + ಲಾಗ್ (ಲವಣ ÷ ಆಮ್ಲ)

ಲವಣ ಮತ್ತು ಆಮ್ಲ ಸಮ ಇದ್ದರೆ ಭಾಗಲಬ್ಧ 1, ಅದರ ಲಾಗ್ ಸೊನ್ನೆ. ಆಗ ಪಿಎಚ್ ಪಿಕೆಎಗೆ ಸಮ, ಅಂದರೆ 4.76. ಇದನ್ನು ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣ ಎನ್ನುತ್ತಾರೆ. ಈ ಹೆಸರುಗಳು ಮುಂದೆ ರಕ್ತದ ವಿಷಯ ಬಂದಾಗ ಮತ್ತೆ ಬರುತ್ತವೆ.

ಮೂರನೆಯದು ದ್ರಾವಣಗಳ ತಯಾರಿ. 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಸುಮಾರು 5.7 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲವನ್ನು ಡಿಸ್ಟಿಲ್ಡ್ ವಾಟರ್‌ಗೆ ಹಾಕಿ ಒಂದು ಲೀಟರ್‌ಗೆ ತರುತ್ತಾರೆ. ಇದು ಘಾಟು, ಚರ್ಮ ಸುಡುವ ಆಮ್ಲ. ಹಾಗಾಗಿ ಕೈಗವಸು, ಕನ್ನಡಕ ಹಾಕಿಕೊಂಡು ಫ್ಯೂಮ್ ಹುಡ್ ಒಳಗೇ ಅಳೆಯಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. 17 ಡಿಗ್ರಿಗಿಂತ ತುಸು ಕೆಳಗಿನ ತಾಪದಲ್ಲೇ ಇದು ಮಂಜುಗಡ್ಡೆಯಂತೆ ಹೆಪ್ಪುಗಟ್ಟುವುದರಿಂದ ‘ಗ್ಲೇಶಿಯಲ್’ ಎಂಬ ಹೆಸರು ಬಂದಿದೆ.

0.1 ಮೋಲಾರ್ ಸೋಡಿಯಂ ಅಸಿಟೇಟ್ 100 ಮಿ.ಲೀ. ಬೇಕಾದರೆ 1.36 ಗ್ರಾಂ ತೂಗಬೇಕು. ಆದರೆ ಅದು ಹರಳಿನಲ್ಲಿ ನೀರಿನ ಅಂಶ ಸೇರಿರುವ ಟ್ರೈಹೈಡ್ರೇಟ್ ಆಗಿದ್ದರೆ ಮಾತ್ರ. ನೀರಿನ ಅಂಶವಿಲ್ಲದ ಅನ್‌ಹೈಡ್ರಸ್ ಬಾಟಲಿಯಾದರೆ 0.82 ಗ್ರಾಂ ಸಾಕು. ಪ್ರಾಕ್ಟಿಕಲ್‌ನಲ್ಲಿ ಲೆಕ್ಕ ತಪ್ಪಲು ಇದು ದೊಡ್ಡ ಕಾರಣ. ಅನ್‌ಹೈಡ್ರಸ್ ಲವಣವನ್ನೇ 1.36 ಗ್ರಾಂ ತೂಗಿದರೆ ಪಿಎಚ್ 4.76ರ ಬದಲು ಸುಮಾರು 4.98 ಆಗುತ್ತದೆ. ಟ್ರೈಹೈಡ್ರೇಟನ್ನು 0.82 ಗ್ರಾಂ ತೂಗಿದರೆ ಸುಮಾರು 4.54ಕ್ಕೆ ಇಳಿಯುತ್ತದೆ. ಬಾಟಲಿಯ ಲೇಬಲ್ ಓದದಿದ್ದರೆ ತಕ್ಕಡಿ ಎಷ್ಟು ನಿಖರವಾಗಿದ್ದರೂ ಪ್ರಯೋಜನವಿಲ್ಲ.

ನಾಲ್ಕನೆಯದು ಪಿಎಚ್ ಮೀಟರ್ ಸರಿಹೊಂದಿಸುವುದು. ನಮ್ಮ ಲ್ಯಾಬ್‌ಗಳಲ್ಲಿ ಇದಕ್ಕಾಗಿ 4.0, 7.0, 9.2 ಎಂದು ಬರೆದಿರುವ ಬಫರ್ ಟ್ಯಾಬ್ಲೆಟ್‌ಗಳು ಸಿಗುತ್ತವೆ. ಹೇಳಿದಷ್ಟು ಡಿಸ್ಟಿಲ್ಡ್ ವಾಟರ್‌ನಲ್ಲಿ, ಸಾಮಾನ್ಯವಾಗಿ 100 ಮಿ.ಲೀ.ನಲ್ಲಿ, ಒಂದು ಟ್ಯಾಬ್ಲೆಟ್ ಕರಗಿಸಿದರೆ ಅಷ್ಟೇ ಪಿಎಚ್ ಇರುವ ದ್ರಾವಣ ಸಿದ್ಧ. ಮೀಟರನ್ನು ಈ ದ್ರಾವಣಗಳಲ್ಲಿ ಅದ್ದಿ ಅದರ ಓದು ಸರಿಮಾಡುತ್ತಾರೆ. ಅಂದರೆ ಪಿಎಚ್ ಅಳೆಯುವ ಯಂತ್ರವೇ ಬಫರನ್ನು ನಂಬಿಕೊಂಡಿದೆ. ಎಲೆಕ್ಟ್ರೋಡನ್ನು ಪ್ರತಿ ಸಲವೂ ವಾಶ್ ಬಾಟಲಿಯ ನೀರಿನಿಂದ ತೊಳೆದು ಟಿಶ್ಯೂ ಕಾಗದದಿಂದ ಮೆಲ್ಲಗೆ ಒತ್ತಬೇಕು, ಉಜ್ಜಬಾರದು.

ಐದನೆಯದು ಬೆರೆಸುವುದು. 50 ಮಿ.ಲೀ. ಆಮ್ಲ, 50 ಮಿ.ಲೀ. ಲವಣದ ದ್ರಾವಣ ಒಂದು ಬೀಕರ್‌ಗೆ ಹಾಕಿ ಕಲಕಿದರೆ ಬಫರ್ ಸಿದ್ಧ. ಮೀಟರ್ ಸರಿಯಾಗಿ 4.76 ತೋರಿಸದೆ ಸ್ವಲ್ಪ ಕಡಿಮೆ ತೋರಿಸಬಹುದು. ಅಯಾನುಗಳು ಒತ್ತಾಗಿದ್ದಾಗ ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಸರಳ ಸಮೀಕರಣ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿರ್ದಿಷ್ಟ ಪಿಎಚ್ ಬೇಕೇ ಬೇಕು ಎಂದಾದರೆ ಆಮ್ಲವನ್ನೋ ಸೋಡಿಯಂ ಹೈಡ್ರಾಕ್ಸೈಡನ್ನೋ ಹನಿ ಹನಿಯಾಗಿ ಹಾಕಿ ಸರಿಮಾಡಿ, ಆಮೇಲೆ ನೀರು ಹಾಕಿ ಕೊನೆಯ ಅಳತೆಗೆ ತರಬೇಕು. ಮೊದಲೇ ಗೆರೆಯವರೆಗೆ ನೀರು ತುಂಬಿಬಿಟ್ಟರೆ ತಿದ್ದಲು ಜಾಗವೇ ಉಳಿಯುವುದಿಲ್ಲ. ಕೊನೆಗೆ ಬಾಟಲಿಯ ಮೇಲೆ ಹೆಸರು, ಸಾಂದ್ರತೆ, ಪಿಎಚ್, ತಾರೀಖು ಬರೆದಿಡಬೇಕು.

ಒಂದೇ ಪಿಎಚ್, ಎರಡು ಬೀಕರ್

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬ ವಿದ್ಯಾರ್ಥಿ ಇಷ್ಟೆಲ್ಲ ಕಷ್ಟ ಏಕೆ ಎಂದುಕೊಂಡು ಅಡ್ಡದಾರಿ ಹಿಡಿದ ಎಂದು ಊಹಿಸಿ. ಡಿಸ್ಟಿಲ್ಡ್ ವಾಟರ್‌ಗೆ ತೀರಾ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಒಂದಿಷ್ಟು ಸೇರಿಸಿ, ಮೀಟರ್ 4.76 ತೋರಿಸಿದ ಕೂಡಲೇ ನಿಲ್ಲಿಸಿದ. ಈಗ ಮೇಜಿನ ಮೇಲೆ ತಲಾ 100 ಮಿ.ಲೀ.ನ ಎರಡು ಬೀಕರ್‌ಗಳಿವೆ. ಎರಡರಲ್ಲೂ ಬಣ್ಣವಿಲ್ಲದ ತಿಳಿ ದ್ರಾವಣ. ಎರಡರ ಪಿಎಚ್ ಕೂಡ 4.76. ಹಾಗಾದರೆ ಎರಡೂ ಒಂದೇ ಅಲ್ಲವೇ?

ಪ್ರತಿ ಬೀಕರ್‌ಗೂ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 1 ಮಿ.ಲೀ. ಹಾಕಿದರೆ ಬಣ್ಣ ಬಯಲಾಗುತ್ತದೆ. ಲೆಕ್ಕದ ಪ್ರಕಾರ ಬಫರ್ ಬೀಕರ್‌ನ ಪಿಎಚ್ 4.76ರಿಂದ 4.78ಕ್ಕೆ ಏರುತ್ತದೆ. ಇನ್ನೊಂದು ಬೀಕರ್‌ನಲ್ಲಿ ಅದು 4.76ರಿಂದ ಸುಮಾರು 11ಕ್ಕೆ ಜಿಗಿಯುತ್ತದೆ.

ಅಂಕಿ ಒಂದೇ ಆಗಿದ್ದರೂ ಒಳಗಿನ ದಾಸ್ತಾನು ಬೇರೆ. ಎರಡನೆಯ ಬೀಕರ್‌ನ ಹಾಲ್‌ನಲ್ಲಿ ಎಲೆಯೇ ಹಾಕಿಲ್ಲ. ನಿಂತವರು ಬೆರಳೆಣಿಕೆಯಷ್ಟು ಇದ್ದರು, ಅವರನ್ನು ಕರೆದೊಯ್ದ ಕೂಡಲೇ ಹಾಲ್ ಖಾಲಿ. ಪಿಎಚ್ ಎಂಬುದು ಈ ಕ್ಷಣದ ಸ್ಥಿತಿ ಮಾತ್ರ. ಬಫರ್‌ನ ಶಕ್ತಿ ಇರುವುದು ಮೀಟರ್‌ಗೆ ಕಾಣದ ದಾಸ್ತಾನಿನಲ್ಲಿ.

ಆಲ್ಕಲೈನ್ ಫಾರ್ವರ್ಡ್‌ಗಳು ಮಾಡುವ ತಪ್ಪೂ ಇದೇ. ಅವು ಬಾಟಲಿಯ ಮೇಲಿನ ಪಿಎಚ್ ಅಂಕಿಯನ್ನು ಮಾತ್ರ ನೋಡುತ್ತವೆ. ಅದರಲ್ಲಿರುವ ಕ್ಷಾರ ಎಷ್ಟು, ಅದನ್ನು ಎದುರಿಸುವ ದಾಸ್ತಾನು ದೇಹದಲ್ಲಿ ಎಷ್ಟು ಎಂದು ಕೇಳುವುದೇ ಇಲ್ಲ.

ಬಫರ್ ಎಷ್ಟರವರೆಗೆ ತಡೆಯುತ್ತದೆ?

ಬಫರ್ ಮಾಯಾಜಾಲವಲ್ಲ, ಅದಕ್ಕೂ ಮಿತಿ ಇದೆ. ನಮ್ಮ 100 ಮಿ.ಲೀ. ಅಸಿಟೇಟ್ ಬಫರ್‌ಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಬ್ಯೂರೆಟ್‌ನಿಂದ ಹಾಕುತ್ತಾ ಹೋದರೆ ಲೆಕ್ಕದ ಪ್ರಕಾರ ಹೀಗಾಗುತ್ತದೆ:

• ಆಮ್ಲ ಹಾಕುವ ಮೊದಲು: ಪಿಎಚ್ 4.76
• 1 ಮಿ.ಲೀ. ಹಾಕಿದಾಗ: 4.74
• 10 ಮಿ.ಲೀ. ಹಾಕಿದಾಗ: 4.58
• 25 ಮಿ.ಲೀ. ಹಾಕಿದಾಗ: 4.28
• 40 ಮಿ.ಲೀ. ಹಾಕಿದಾಗ: 3.8
• 50 ಮಿ.ಲೀ. ಹಾಕಿದಾಗ: ಸುಮಾರು 3
• 60 ಮಿ.ಲೀ. ಹಾಕಿದಾಗ: 2.2

ಬರೀ ನೀರಾಗಿದ್ದರೆ ಮೊದಲ 1 ಮಿ.ಲೀ.ಗೇ ಪಿಎಚ್ 3ಕ್ಕೆ ಬೀಳುತ್ತಿತ್ತು. ಬಫರ್ ಅದೇ ಮಟ್ಟಕ್ಕೆ ಬರಲು 50 ಮಿ.ಲೀ. ಬೇಕಾಯಿತು. ಆದರೆ 50 ಮಿ.ಲೀ. ತಲುಪಿದಾಗ ಖಾಲಿ ಎಲೆಗಳೆಲ್ಲ ತುಂಬಿದವು. ಆಮೇಲೆ ಬಂದವರೆಲ್ಲ ನಿಂತೇ ಇರಬೇಕು, ಪಿಎಚ್ ಕುಸಿಯಲೇಬೇಕು. ಈ ಮಿತಿಗೆ ಬಫರ್ ಸಾಮರ್ಥ್ಯ ಎನ್ನುತ್ತಾರೆ. ಬಫರ್‌ಗೆ ಒಂದಷ್ಟು ನೀರು ಬೆರೆಸಿದರೆ ಪಿಎಚ್ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಲವಣ–ಆಮ್ಲಗಳ ಪ್ರಮಾಣ ಹಾಗೇ ಇರುತ್ತದೆ. ಆದರೆ ಲೀಟರ್‌ಗೆ ಲೆಕ್ಕ ಹಾಕಿದರೆ ಸಾಮರ್ಥ್ಯ ಇಳಿಯುತ್ತದೆ.

ಮನೆಯಲ್ಲೇ ನೋಡಬೇಕೇ?

ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದು ನಮಗೆ ಹೊಸದಲ್ಲ. ಕ್ಷಾರ ಸಿಕ್ಕರೆ ಅರಿಶಿನ ಹಳದಿಯಿಂದ ಕೆಂಪಾಗುತ್ತದೆ. ಇದನ್ನೇ ಬಳಸಿಕೊಳ್ಳೋಣ.

ಎರಡು ಲೋಟಗಳಲ್ಲಿ ಅರ್ಧರ್ಧ ಲೋಟ ಆರ್‌ಒ ನೀರು ತೆಗೆದುಕೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಬೈಕಾರ್ಬನೇಟ್ ಇರುವುದರಿಂದ ಅದೇ ಸ್ವಲ್ಪ ಬಫರ್‌ನಂತೆ ವರ್ತಿಸುತ್ತದೆ. ಎರಡನೆಯ ಲೋಟಕ್ಕೆ ಎರಡು ಟೀ ಚಮಚ ಬಿಳಿ ವಿನೆಗರ್ ಹಾಕಿ, ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ. ನೊರೆ ನಿಂತ ಮೇಲೆ ಅದರಲ್ಲಿ ಅಸಿಟಿಕ್ ಆಮ್ಲವೂ ಇರುತ್ತದೆ, ಸೋಡಿಯಂ ಅಸಿಟೇಟೂ ಇರುತ್ತದೆ, ಅಂದರೆ ಲ್ಯಾಬ್‌ನ ಬಫರ್‌ನ ನೆಂಟನೇ. ಎರಡೂ ಲೋಟಗಳಿಗೆ ಚಿಟಿಕೆ ಅರಿಶಿನ ಕಲಸಿ. ಸುಣ್ಣವನ್ನು ನೀರಿನಲ್ಲಿ ಕದಡಿಟ್ಟು, ಮೇಲೆ ನಿಂತ ತಿಳಿಯನ್ನು ಹನಿ ಹನಿಯಾಗಿ ಎರಡಕ್ಕೂ ಹಾಕಿ.

ಮೊದಲ ಲೋಟ ಕೆಲವೇ ಹನಿಗಳಿಗೆ ಕೆಂಪಾಗುತ್ತದೆ. ಎರಡನೆಯದು ಅಷ್ಟೇ ಹನಿಗಳಿಗೆ ಹಳದಿಯಾಗಿಯೇ ಉಳಿಯುತ್ತದೆ. ಬರೀ ವಿನೆಗರ್ ಇದ್ದರೂ ಸುಣ್ಣವನ್ನು ತಡೆಯುತ್ತಿತ್ತು ನಿಜ, ಆದರೆ ಆಮ್ಲದ ಏಟನ್ನೂ ತಡೆಯಲು ಅಸಿಟೇಟ್ ಬೇಕು. ಮಕ್ಕಳು ಮಾಡುವುದಾದರೆ ದೊಡ್ಡವರು ಜೊತೆಗಿರಲಿ, ಸುಣ್ಣ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಪ್ರಯೋಗ ಮುಗಿದ ಮೇಲೆ ಸಿಂಕ್‌ಗೆ ಚೆಲ್ಲಿ, ಕುಡಿಯಬೇಡಿ.

ನಮ್ಮ ರಕ್ತವೂ ಒಂದು ಬಫರ್

ಲ್ಯಾಬ್‌ನ ಸಮೀಕರಣದಲ್ಲಿ ಬಂದ ಎರಡು ಹೆಸರುಗಳು ನೆನಪಿದೆಯೇ? ಅಮೆರಿಕದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಬಫರ್‌ಗಳ ಲೆಕ್ಕಕ್ಕೆ ಸೂತ್ರ ಕೊಟ್ಟರು. ಡೆನ್ಮಾರ್ಕಿನ ಕಾರ್ಲ್ ಹ್ಯಾಸೆಲ್‌ಬಾಲ್ಕ್ 1916ರಲ್ಲಿ ಅದನ್ನು ಲಾಗ್ ರೂಪಕ್ಕೆ ತಂದರು. ಅವರು ಲೆಕ್ಕ ಹಾಕುತ್ತಿದ್ದದ್ದು ರಕ್ತದ ಬಗ್ಗೆಯೇ.

ಅಪಧಮನಿಯ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಅಂದರೆ ಆರೋಗ್ಯವಂತರ ರಕ್ತ ಈಗಾಗಲೇ ತುಸು ಕ್ಷಾರೀಯ. ಅದರ ಮುಖ್ಯ ಬಫರ್ ಜೋಡಿ ಬೈಕಾರ್ಬನೇಟ್ ಮತ್ತು ರಕ್ತದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್. ಲೀಟರ್ ಪ್ಲಾಸ್ಮಾದಲ್ಲಿ ಬೈಕಾರ್ಬನೇಟ್ ಸುಮಾರು 24 ಮಿಲಿಮೋಲ್, ಕರಗಿದ ಇಂಗಾಲದ ಡೈಆಕ್ಸೈಡ್ ಸುಮಾರು 1.2 ಮಿಲಿಮೋಲ್. ಭಾಗಿಸಿದರೆ 20. ಅದರ ಲಾಗ್ 1.3. ಈ ಜೋಡಿಯ ಪಿಕೆಎ 6.1. ಎರಡನ್ನೂ ಕೂಡಿದರೆ 7.4. ಬಿ.ಎಸ್ಸಿ. ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕದಲ್ಲಿರುವ ಅದೇ ಲೆಕ್ಕ.

ಇಲ್ಲಿ ಜಾಣ ಓದುಗರಿಗೆ ಒಂದು ಅನುಮಾನ ಬರಬೇಕು. ಪಿಎಚ್ ಪಿಕೆಎಗೆ ಹತ್ತಿರ ಇರಬೇಕು ಎಂಬುದು ಲ್ಯಾಬ್ ನಿಯಮ. 6.1 ಎಲ್ಲಿ, 7.4 ಎಲ್ಲಿ? 20 ಭಾಗ ಖಾಲಿ ಎಲೆಗೆ ಒಂದೇ ಭಾಗ ಕುಳಿತವರು. ಬೀಕರ್‌ನಲ್ಲಿ ಇಂಥದ್ದನ್ನು ಮಾಡಿದರೆ ಅದು ಒಳ್ಳೆಯ ಬಫರ್ ಎನಿಸಿಕೊಳ್ಳುವುದಿಲ್ಲ. ಹಾಗಿದ್ದೂ ರಕ್ತ ಹೇಗೆ ನಿಭಾಯಿಸುತ್ತದೆ?

ಏಕೆಂದರೆ ದೇಹ ಮುಚ್ಚಿಟ್ಟ ಬೀಕರ್ ಅಲ್ಲ. ಅದಕ್ಕೆ ಎರಡು ಬಾಗಿಲುಗಳಿವೆ. ಮೊದಲನೆಯದು ಶ್ವಾಸಕೋಶ. ಆಮ್ಲ ಹೆಚ್ಚಾದರೆ ಬೈಕಾರ್ಬನೇಟ್ ಅದನ್ನು ಹಿಡಿದು ಇಂಗಾಲದ ಡೈಆಕ್ಸೈಡ್ ಆಗಿಸುತ್ತದೆ, ಮಿದುಳು ಉಸಿರಾಟದ ವೇಗ ಹೆಚ್ಚಿಸಿ ಅದನ್ನು ಹೊರಗೆ ತಳ್ಳುತ್ತದೆ. ಇದು ನಿಮಿಷಗಳಲ್ಲಿ ಆಗುವ ಕೆಲಸ. ಎರಡನೆಯದು ಮೂತ್ರಪಿಂಡ, ಅಂದರೆ ಕಿಡ್ನಿ. ಅದು ಹೆಚ್ಚಾದ ಆಮ್ಲವನ್ನು ಮೂತ್ರಕ್ಕೆ ಬಿಟ್ಟು, ಖರ್ಚಾದ ಬೈಕಾರ್ಬನೇಟನ್ನು ಮತ್ತೆ ತುಂಬುತ್ತದೆ. ಇದಕ್ಕೆ ಗಂಟೆಗಳಿಂದ ದಿನಗಳು ಬೇಕು. ಜೊತೆಗೆ ಹಿಮೋಗ್ಲೋಬಿನ್ ಮತ್ತು ಇತರ ಪ್ರೋಟೀನುಗಳೂ ಬಫರ್ ಕೆಲಸ ಮಾಡುತ್ತವೆ. ಪಂಕ್ತಿ ತುಂಬುವ ಮೊದಲೇ ಊಟ ಮುಗಿದವರನ್ನು ಕಳಿಸಿ ಹೊಸ ಎಲೆ ಹಾಕುತ್ತಲೇ ಇರುವ ಅಡುಗೆಯವರಿದ್ದ ಹಾಗೆ.

ಹಾಗಾದರೆ ಆಲ್ಕಲೈನ್ ನೀರು ಕುಡಿದರೆ ಏನಾಗುತ್ತದೆ?

ಪಿಎಚ್ 9 ಇರುವ ಒಂದು ಲೀಟರ್ ನೀರು ಕುಡಿದಿರಿ ಎಂದುಕೊಳ್ಳಿ. ಅದರಲ್ಲಿರುವ ಹೈಡ್ರಾಕ್ಸೈಡ್ ಅಯಾನುಗಳು 0.01 ಮಿಲಿಮೋಲ್ ಮಾತ್ರ. ಹೊಟ್ಟೆಯೊಳಗಿನ ಜಠರರಸದ ಪಿಎಚ್ 2 ಎಂದು ಹಿಡಿದರೆ, ಅದರ ಬರೀ 1 ಮಿ.ಲೀ.ನಲ್ಲಿ 0.01 ಮಿಲಿಮೋಲ್ ಹೈಡ್ರೋಜನ್ ಅಯಾನುಗಳಿವೆ. ಅಂದರೆ ಇಡೀ ಒಂದು ಲೀಟರ್ ನೀರಿನ ಆ ಹೈಡ್ರಾಕ್ಸೈಡನ್ನು ಅಳಿಸಿಹಾಕಲು 1 ಮಿ.ಲೀ. ಜಠರರಸ ಸಾಕು. ಕೆಲವು ಬಾಟಲಿ ನೀರಿಗೆ ಬೈಕಾರ್ಬನೇಟ್‌ನಂಥ ಲವಣ ಸೇರಿಸಿರುತ್ತಾರೆ. ಆಗ ಆಮ್ಲ ಇನ್ನಷ್ಟು ಖರ್ಚಾಗುತ್ತದೆ. ಆದರೂ ಹೆಚ್ಚುವರಿ ಬೈಕಾರ್ಬನೇಟನ್ನು ಆರೋಗ್ಯವಂತ ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ರಕ್ತದ ಪಿಎಚ್ ಇದ್ದಲ್ಲೇ ಇರುತ್ತದೆ.

‘ಆದರೆ ನಾನು ಪಟ್ಟಿಯಲ್ಲಿ ಪರೀಕ್ಷೆ ಮಾಡಿದೆ, ಮೂತ್ರದ ಪಿಎಚ್ ಬದಲಾಗಿದೆ’ ಎನ್ನುವವರಿದ್ದಾರೆ. ಅದು ನಿಜವೇ ಇರಬಹುದು. ಮೂತ್ರದ ಪಿಎಚ್ ಸುಮಾರು 4.5ರಿಂದ 8ರವರೆಗೆ ಆಹಾರಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದು ರಕ್ತ ಬದಲಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ರಕ್ತ ಬದಲಾಗದಂತೆ ಕಿಡ್ನಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ಕ್ಯಾನ್ಸರ್ ವಿಷಯದಲ್ಲಿ ಒಟ್ಟೊ ವಾರ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು ಫಾರ್ವರ್ಡ್‌ಗಳಲ್ಲಿ ಬರುತ್ತದೆ. ಅವರಿಗೆ 1931ರಲ್ಲಿ ನೊಬೆಲ್ ಬಂದದ್ದು ಜೀವಕೋಶಗಳ ಉಸಿರಾಟದ ಕಿಣ್ವದ ಸಂಶೋಧನೆಗೆ, ‘ಆಲ್ಕಲೈನ್ ದೇಹದಲ್ಲಿ ಕ್ಯಾನ್ಸರ್ ಬದುಕದು’ ಎಂದು ತೋರಿಸಿದ್ದಕ್ಕಲ್ಲ. ಗೆಡ್ಡೆಯ ಸುತ್ತಲಿನ ಜಾಗ ಹೆಚ್ಚು ಆಮ್ಲೀಯವಾಗಿರಬಹುದು ಎಂಬುದು ನಿಜ. ಆದರೆ ಆ ಆಮ್ಲವನ್ನು ಮಾಡುವುದು ಗೆಡ್ಡೆಯೇ. ಹೊಗೆ ಬಂದದ್ದರಿಂದ ಬೆಂಕಿ ಹತ್ತಿತು ಎಂದ ಹಾಗಾಯಿತು ಈ ವಾದ.

ಅಪಾಯ ಎಲ್ಲಿದೆ?

ನಿಂಬೆ ನೀರು ಕುಡಿದರೆ ಏನು ಹೋಯಿತು ಎಂದು ಕೇಳಬಹುದು. ಬಾಯಾರಿಕೆಗೆ ಕುಡಿಯಿರಿ, ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅದನ್ನು ಔಷಧಿ ಎಂದು ನಂಬಿದಾಗ.

ಮೊದಲನೆಯದು ಅಡುಗೆ ಸೋಡಾ. ಒಂದು ಟೀ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಸೋಡಾದಲ್ಲಿ 1.4 ಗ್ರಾಂನಷ್ಟು ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2 ಗ್ರಾಂಗಿಂತ ಕಡಿಮೆ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ದಿನವೂ ಇದನ್ನು ಕುಡಿದರೆ ಅಪಾಯ. ಕಿಡ್ನಿ ಎಂಬ ಬಾಗಿಲೇ ಅರ್ಧ ಮುಚ್ಚಿದವರಲ್ಲಿ ರಕ್ತ ನಿಜವಾಗಿಯೂ ಅತಿ ಕ್ಷಾರೀಯವಾಗಬಹುದು, ಅದೂ ಒಂದು ಕಾಯಿಲೆಯೇ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಕೆಲವು ಕಿಡ್ನಿ ರೋಗಿಗಳಿಗೆ ವೈದ್ಯರೇ ಸೋಡಿಯಂ ಬೈಕಾರ್ಬನೇಟ್ ಮಾತ್ರೆ ಕೊಡುತ್ತಾರೆ. ಅದು ರಕ್ತ ಪರೀಕ್ಷೆಯಲ್ಲಿ ಬೈಕಾರ್ಬನೇಟ್ ಕಡಿಮೆ ಇರುವುದನ್ನು ನೋಡಿ, ಅಳೆದು ಕೊಡುವ ಪ್ರಮಾಣ. ಹನಿ ಹನಿಯಾಗಿ ಹಾಕಿ ಮೀಟರ್ ನೋಡುವ ಲ್ಯಾಬ್ ಶಿಸ್ತೇ ಅಲ್ಲೂ ಇದೆ. ಅಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ನಿಲ್ಲಿಸಬಾರದು.

ಎರಡನೆಯದು ಸಕ್ಕರೆ ಕಾಯಿಲೆ. ಇನ್ಸುಲಿನ್ ತೀರಾ ಕಡಿಮೆಯಾದಾಗ ದೇಹದಲ್ಲಿ ಕೀಟೋ ಆಮ್ಲಗಳು ಹೆಚ್ಚಿ ಬಫರ್‌ನ ದಾಸ್ತಾನು ಖಾಲಿಯಾಗುತ್ತದೆ, ರಕ್ತದ ಪಿಎಚ್ ನಿಜವಾಗಿಯೂ ಇಳಿಯುತ್ತದೆ. ಬ್ಯೂರೆಟ್ ಲೆಕ್ಕದ 50 ಮಿ.ಲೀ.ನ ಗಡಿಗೆ ದೇಹ ಬಂದ ಹಾಗೆ. ವಾಂತಿ, ಹೊಟ್ಟೆನೋವು, ಅತಿ ಬಾಯಾರಿಕೆ, ಆಳವಾದ ವೇಗದ ಉಸಿರಾಟ, ಮಂಪರು ಇದರ ಲಕ್ಷಣಗಳು. ಇದು ತುರ್ತು ಸ್ಥಿತಿ. ಆಗ ಬೇಕಿರುವುದು ಆಸ್ಪತ್ರೆ, ಇನ್ಸುಲಿನ್ ಮತ್ತು ಡ್ರಿಪ್. ಆಲ್ಕಲೈನ್ ನೀರು ಕುಡಿಸುತ್ತಾ ಕಳೆಯುವ ಒಂದೊಂದು ಗಂಟೆಯೂ ಜೀವಕ್ಕೆ ಸಂಚಕಾರ.

ಮೂರನೆಯದು, ಚಿಕಿತ್ಸೆ ಬಿಟ್ಟುಬಿಡುವುದು. ಅಮೆರಿಕದಲ್ಲಿ ‘ಪಿಎಚ್ ಮಿರಾಕಲ್’ ಎಂಬ ಪುಸ್ತಕ ಬರೆದು ಈ ವಾದವನ್ನು ಜನಪ್ರಿಯಗೊಳಿಸಿದ ರಾಬರ್ಟ್ ಯಂಗ್, ಪರವಾನಗಿ ಇಲ್ಲದೆ ವೈದ್ಯಕೀಯ ನಡೆಸಿದ ಅಪರಾಧಕ್ಕೆ ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ತಪ್ಪಿತಸ್ಥರೆಂದು ಸಾಬೀತಾಗಿ, ಮರುವರ್ಷ 3 ವರ್ಷ 8 ತಿಂಗಳ ಶಿಕ್ಷೆಗೆ ಒಳಗಾದರು. ಅವರ ಮಾತು ನಂಬಿ ಕ್ಯಾನ್ಸರ್‌ನ ಸಾಮಾನ್ಯ ಚಿಕಿತ್ಸೆ ಬಿಟ್ಟೆ ಎಂದು ದೂರಿದ ಮಹಿಳೆಗೆ 10.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2018ರಲ್ಲಿ ಸ್ಯಾನ್ ಡಿಯಾಗೋದ ಜ್ಯೂರಿ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಆಕೆಯ ಕಾಯಿಲೆ ಬಹಳ ಮುಂದುವರಿದಿತ್ತು. ಅಷ್ಟು ದೊಡ್ಡ ಮೊತ್ತವೂ ಕಳೆದ ಸಮಯವನ್ನು ಮರಳಿಸಲಾರದು.

ಫಾರ್ವರ್ಡ್ ಮಾಡುವ ಮುನ್ನ

ಪಿಎಚ್ ಹೆಸರಿನಲ್ಲಿ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಅದು ಯಾವುದರ ಪಿಎಚ್ ಬಗ್ಗೆ ಹೇಳುತ್ತಿದೆ, ಬಾಟಲಿಯದ್ದೋ, ಮೂತ್ರದ್ದೋ, ರಕ್ತದ್ದೋ? ಅಂಕಿ 14 ದಾಟಿದೆಯೇ? ವೈದ್ಯರ ಔಷಧಿ ಬಿಡಿ ಎಂದು ಹೇಳುತ್ತಿದೆಯೇ? ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಆ ಮೆಸೇಜ್ ನಿಮ್ಮ ಫೋನ್‌ನಲ್ಲೇ ನಿಲ್ಲಲಿ. ಕಳಿಸಿದವರು ಮನೆಯ ಹಿರಿಯರಾದರೆ ಜಗಳ ಬೇಡ. ಲೋಟದಲ್ಲಿ ಅರಿಶಿನ ಕಲಸಿ, ಸುಣ್ಣದ ತಿಳಿ ಹಾಕಿ ತೋರಿಸಿ.

ನಮ್ಮ ತೀರ್ಮಾನ: ಆಲ್ಕಲೈನ್ ನೀರು ಅಥವಾ ಆಹಾರದಿಂದ ಆರೋಗ್ಯವಂತರ ರಕ್ತದ ಪಿಎಚ್ ಏರಿಸಬಹುದು, ಅದರಿಂದ ಕ್ಯಾನ್ಸರ್ ಮತ್ತಿತರ ಕಾಯಿಲೆಗಳು ವಾಸಿಯಾಗುತ್ತವೆ ಎಂಬ ಮಾತು ಸುಳ್ಳು. ರಕ್ತ ತನ್ನ ಪಿಎಚ್ ತಾನೇ ಕಾಯ್ದುಕೊಳ್ಳುವ ಬಫರ್. ಅದಕ್ಕೆ ಬೆನ್ನೆಲುಬಾಗಿರುವುದು ಶ್ವಾಸಕೋಶ ಮತ್ತು ಕಿಡ್ನಿ. ಹಣ ಖರ್ಚು ಮಾಡುವುದಾದರೆ ಆಲ್ಕಲೈನ್ ಬಾಟಲಿಗೆ ಬೇಡ. ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವ ಹಿರಿಯರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ, ಅವರಿಗೊಂದು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ದೇಹದ ಬಫರನ್ನು ಕಾಯುವ ಕಿಡ್ನಿ ಹೇಗಿದೆ ಎಂದು ಅದರಿಂದ ತಿಳಿಯುತ್ತದೆ.